ಸ್ಪೀಕರ್ ಹಿಂದೆ ನಿಂತ ಮೇಷ್ಟ್ರು

ಕಪಿಲೆಯ ದಡದಲ್ಲಿ ದೇವಯ್ಯ ಮೇಷ್ಟ್ರದ್ದು ಒಂದೇ ಕೋಣೆಯ ಕಾರ್ಯಾಗಾರ. ದನಿ ಹಿಗ್ಗಿಸುವ ಹಳೇ ವಾಲ್ವ್ ಆಂಪ್ಲಿಫೈಯರ್‌ಗಳಿಗೆ ಒಪ್ಪುವ ಸ್ಪೀಕರ್ ಹೊಂದಿಸಿಕೊಡುವುದು ಅವರ ವಿದ್ಯೆ. ಅದನ್ನು ಕಲಿಯಬೇಕೆಂದು ತೇಜಾವತಿ ಕಾಲೇಜಿನ ಲ್ಯಾಬ್ ಕೆಲಸ ಬಿಟ್ಟು ಬಂದು ಆರು ವರ್ಷವಾಗಿತ್ತು.

ಮೊದಲ ದಿನವೇ ಅವಳು ಕೇಳಿದ್ದಳು. "ಮೇಷ್ಟ್ರೇ, ಸ್ಪೀಕರ್‌ದೂ ಆಂಪ್ಲಿಫೈಯರ್‌ದೂ ಓಮ್ಸ್ ಲೆಕ್ಕ ಕೂಡಿಬಂದ್ರೆ ಸಾಕಲ್ವಾ?"

"ಜಾತಕ ಕೂಡಿಬಂದ ಗಂಡ ಹೆಂಡ್ತೀರನ್ನ ನೋಡಿದೀಯಲ್ಲ, ಸಾಕಾ?" ಎಂದರು ಮೇಷ್ಟ್ರು.

ಬೀರುವಿನಷ್ಟು ದೊಡ್ಡ ಸ್ಪೀಕರ್ ಹೊತ್ತು ತಂದವರನ್ನು ಅವರು ಬಾಗಿಲಲ್ಲೇ ಗದರುತ್ತಿದ್ದರು. "ನಿಮ್ಮ ಆಂಪ್ಲಿಫೈಯರ್ ಹತ್ತು ವ್ಯಾಟಿನ ಬಡಪಾಯಿ ಕಣ್ರೀ. ಇದರ ತಲೆ ಮೇಲೆ ಆನೆ ಹೊರಿಸ್ತೀರಾ?"

ಅಳತೆಯೆಲ್ಲ ಮೀಟರಿನದು, ಕೊನೆಯ ಮಾತು ಮಾತ್ರ ಕಿವಿಯದು. ಅವರ ಪದ್ಧತಿ ಹೀಗೆ: ಶಿಷ್ಯೆ ಎದುರಿನ ಕುರ್ಚಿಯಲ್ಲಿ ಕೂರಬೇಕು. ಮೇಷ್ಟ್ರು ಸ್ಪೀಕರ್ ಪೆಟ್ಟಿಗೆಗಳ ಹಿಂದೆ ನಿಂತು, ಮೇಲಿನ ಸ್ವರವನ್ನು ಏರಿಸಿ ಇಳಿಸುವ ಪುಟ್ಟ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವರು. "ಹಾಂ, ಒಪ್ಕೊಂತು" ಎಂದರೆ ಮುಗಿಯಿತು. ಆಮೇಲೆ ಯಾರೂ ಮುಟ್ಟುವಂತಿಲ್ಲ.

ಒಂದು ದಿನ ಆಂಪ್ಲಿಫೈಯರ್ ಒಂದು ಸೊಳ್ಳೆಯ ಹಾಗೆ ಸಣ್ಣಗೆ ಕಿಂಯ್‌ಗುಡಲು ಶುರುಮಾಡಿತು. ತೇಜಾವತಿಗೆ ಹಲ್ಲು ಜುಮ್ಮೆಂದಿತು. ಮೇಷ್ಟ್ರು ಅದರ ಪಕ್ಕದಲ್ಲೇ ಕೂತು ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದರು.

ಅವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ!

ಅಯ್ಯೋ ದೇವರೇ, ಬೇರೆ ಯಾರೂ ಸಿಗಲಿಲ್ಲವೇ ನಿನಗೆ ಎಂದುಕೊಂಡಳು ಅವಳು. ತನಗೆ ಗೊತ್ತಾಯಿತೆಂದು ತೋರಿಸಿಕೊಂಡರೆ ಈ ಮನುಷ್ಯ ಕುಸಿದುಹೋಗುತ್ತಾರೆ. ಅಂದಿನಿಂದ ಆ ಕುರ್ಚಿಯಲ್ಲಿ ಕೂತಾಗ ಸ್ವರ ಎಷ್ಟೇ ಚುಚ್ಚಲಿ, ಅವಳು ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ಮೇಷ್ಟ್ರು ಊಟಕ್ಕೆ ಹೋದಾಗ ಕಳ್ಳಿಯ ಹಾಗೆ ತಾನೇ ಗುಂಡಿ ಸರಿಮಾಡುತ್ತಿದ್ದಳು.

ಸರಿಮಾಡಬೇಕಾದದ್ದು ದಿನದಿನಕ್ಕೆ ಹೆಚ್ಚುತ್ತಲೇ ಹೋಯಿತು.

ಆಗ ಬಂದರು ಸುಂದರಮ್ಮ. ಐವತ್ತು ವರ್ಷ ವೀಣೆ ನುಡಿಸಿದವರು. ಈಗ ಬೆರಳು ಮಡಚುವುದಿಲ್ಲ. ಹಿಂದೆ ತಾವೇ ನುಡಿಸಿದ ಒಂದು ರೆಕಾರ್ಡ್ ಬಿಟ್ಟರೆ ಅವರ ಪಾಲಿಗೆ ವೀಣೆಯೇ ಇಲ್ಲ. ಮನೆಯ ಹಳೇ ಸ್ಪೀಕರ್ ಹರಿದುಹೋಗಿತ್ತು. ಮೇಷ್ಟ್ರು ಬೇರೆ ಜೋಡಿ ಹೊಂದಿಸಿದರು. ತೇಜಾವತಿ ಊಟದ ಹೊತ್ತಿಗೆ ಕಾಯುತ್ತಿದ್ದಳು. ಅಷ್ಟರಲ್ಲಿ ಆಟೋ ಬಂದು ಪೆಟ್ಟಿಗೆಗಳು ಹೊರಟೇಹೋದವು.

ಮೂರನೇ ದಿನ ವಾಪಸ್ಸು ಬಂದವು.

"ಮೇಷ್ಟ್ರೇ, ಇದು ನನ್ನ ವೀಣೆ ಅಲ್ಲ. ತಗಡು ಕೆರೆದ ಹಾಗಿದೆ." ಸುಂದರಮ್ಮ ಮಡಚದ ಬೆರಳುಗಳನ್ನು ಮುಂದೆ ಚಾಚಿದರು. "ಕೈಯಂತೂ ಹೋಯ್ತು. ಕೇಳೋ ಭಾಗ್ಯನೂ ಇಲ್ವಾ ನನಗೆ?"

ಮೇಷ್ಟ್ರ ಮುಖ ಬಿಳುಚಿಕೊಂಡಿತು.

ತೇಜಾವತಿ ಮುಂದೆ ಬಂದಳು. "ತಪ್ಪು ನನ್ನದಮ್ಮ. ಮೇಷ್ಟ್ರು ಸರಿಯಾಗೇ ಮಾಡಿದ್ರು. ಆಮೇಲೆ ನಾನೇ ಗುಂಡಿ ಮುಟ್ಟಿ ಕೆಡಿಸಿದೆ."

ಮೇಷ್ಟ್ರು ಸುಂದರಮ್ಮನವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಕೈಗೊಂದು ಕಾಫಿ ಲೋಟ ಕೊಟ್ಟು, "ಅರ್ಧ ಗಂಟೆ ಕೊಡಿ ತಾಯಿ" ಎಂದು ಒಳಗೆ ಬಂದರು. ಬಾಗಿಲು ಮುಂದೆ ಮಾಡಿದರು.

"ಸುಳ್ಳು ಹೇಳೋದು ಯಾವಾಗ ಕಲಿತೆ?"

ಮೇಷ್ಟ್ರು ಬಗ್ಗಿ ಗುಂಡಿ ನೋಡಿದರು.

"ಗುಂಡಿ ನಾನು ಬಿಟ್ಟ ಜಾಗದಲ್ಲೇ ಇದೆ. ನೀನು ಮುಟ್ಟಿಲ್ಲ. ಯಾಕೆ ಸುಳ್ಳು ಹೇಳಿದೆ?"

"ನಿಮ್ಮ ಕಿವಿ, ಮೇಷ್ಟ್ರೇ... ಮೇಲಿನ ಸ್ವರ ನಿಮಗೆ..." ಅವಳಿಗೆ ಅಳು ಬಂತು.

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ನಾಲ್ಕು ತಿಂಗಳಿಂದ."

"ನಂಗೆ ಮೂರು ವರ್ಷದಿಂದ ಗೊತ್ತು ಕಣಮ್ಮ."

ಅವಳು ದಂಗಾದಳು. "ಮೂರು ವರ್ಷ! ಒಂದು ಜೋಡಿನೂ ವಾಪಸ್ ಬಂದಿರಲಿಲ್ಲ. ನಾನು ಸರಿಮಾಡೋಕೆ ಶುರುಮಾಡಿದ್ದೇ ಈಗ ನಾಲ್ಕು ತಿಂಗಳಿಂದ. ಅದಕ್ಕೂ ಮುಂಚೆ ಹೇಗೆ ಹೊಂದಿಸ್ತಿದ್ರಿ ಮೇಷ್ಟ್ರೇ?"

ಮೇಷ್ಟ್ರು ಹೆಗಲ ಮೇಲಿನ ಟವೆಲ್ ತೆಗೆದು ಅವಳ ಕೈಗೆ ಕೊಟ್ಟರು. ಕುರ್ಚಿ ತೋರಿಸಿ ಕೂರುವಂತೆ ಸನ್ನೆ ಮಾಡಿದರು. ತಾವು ಪೆಟ್ಟಿಗೆಗಳ ಹಿಂದೆ ಹೋಗಿ ನಿಂತರು.

"ಇಲ್ಲಿ ನಿಂತು ನಿನ್ನ ಮುಖ ನೋಡ್ತಿದ್ದೆ. ಹುಬ್ಬು ಗಂಟಾದ್ರೆ ಇಳಿಸ್ತಿದ್ದೆ, ಸಡಿಲ ಆದ್ರೆ ಬಿಡ್ತಿದ್ದೆ. ನಂಗೆ ನೋವಾಗಬಾರದು ಅಂತ ನೀನು ಮುಖ ಬಿಗಿದುಕೊಂಡೆಯಲ್ಲ, ನಾನು ಕಿವುಡ ಆಗಿದ್ದು ಅವತ್ತು."