ಡಬ್ಬಿಯ ಮೇಲಿನ ಕಾವಲುನಾಯಿ

ಲಿನಕ್ಸ್ ಕಂಪ್ಯೂಟರಿನಲ್ಲಿ ವಾಸವಾಗಿದ್ದ ಪೆಂಗ್ವಿನ್ ವಿಂಡೋಸ್ ಕಂಪ್ಯೂಟರಿಗೆಂದು ಮಾಡಿದ ಆಟವೊಂದನ್ನು ಕೊಂಡು ತಂದಿತು. ಕಳ್ಳರನ್ನು ತಡೆಯಲೆಂದು ಆಟದ ಡಬ್ಬಿಯ ಮೇಲೆ ಕೂರಿಸಿದ್ದ ಕಾವಲುನಾಯಿ ಗುರ್ರೆಂದಿತು.

"ಇದು ವಿಂಡೋಸ್ ಮನೆಯಲ್ಲ. ತೆರೆಯಲು ಬಿಡುವುದಿಲ್ಲ."

"ರಸೀದಿ ನೋಡಪ್ಪ. ಆಟ ಇಲ್ಲಿಯೂ ನಡೆಯಲು ಬೇಕಾದ ಏರ್ಪಾಡನ್ನೆಲ್ಲ ಮಾಡಿದ್ದೇನೆ."

"ರಸೀದಿ ಓದುವುದು ನನ್ನ ಕೆಲಸವಲ್ಲ. ಮನೆಯ ವಾಸನೆ ಬೇರೆ ಇದೆ, ಅಷ್ಟೇ."

ಅಷ್ಟರಲ್ಲಿ ಪಕ್ಕದ ಮನೆಯ ಇಲಿ ಅದೇ ಆಟ ಆಡುತ್ತ ಕೇಕೆ ಹಾಕಿತು. ನಾಯಿ ಬೆಚ್ಚಿಬಿದ್ದು, "ಅದಕ್ಕೆ ಆಡಲು ಬಿಟ್ಟವರು ಯಾರು?" ಎಂದಿತು.

"ಅದು ಅಂಗಡಿಯಲ್ಲೇ ಇನ್ನೊಂದು ಡಬ್ಬಿಯ ತಳ ಕೊರೆದು ಆಟವನ್ನಷ್ಟೇ ಒಯ್ದಿತು. ನಿನ್ನನ್ನೂ ಮನೆಗೆ ಕರೆತಂದವನು ನಾನು," ಎನ್ನುತ್ತ ಪೆಂಗ್ವಿನ್ ನಾಯಿಯ ಮುಂದೆ ಕುಡಿಯಲು ನೀರಿಟ್ಟಿತು.

ನಾಯಿಗೆ ನಾಚಿಕೆಯಾಯಿತು. ಎದ್ದು ದಾರಿ ಬಿಡೋಣವೆನ್ನಿಸಿತು. ಆದರೆ ಕೂರುವುದನ್ನು ಕಲಿಸಿದವರು ಏಳುವುದನ್ನು ಅದಕ್ಕೆ ಕಲಿಸಿರಲಿಲ್ಲ.