ದುಂಡವ್ವನ ಪಥ್ಯ, ಕೆಂಪೀರನ ಕಾವಲು

ನಗೋದಾದ್ರೆ ಆಮೇಲೆ ನಗಿ, ಮೊದಲು ಆ ತಾಯಿ ಸಂಕಟ ಕೇಳಿ. ಒಂದೂರಲ್ಲಿ ದುಂಡವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಕೆಂಪೀರ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಸೋಮಾರಿ ಅಲ್ಲ, ಸುಳ್ಳನೂ ಅಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವಳ ಗೋಳು.

ಹಿಂಗಿರುವಾಗ ದುಂಡವ್ವನ ಕಾಲು ಊದಿಕೊಂಡವು. ಹೊಸ್ತಿಲು ದಾಟಿದರೆ ಏದುಸಿರು. ಪಕ್ಕದೂರಿನ ನಾಟಿ ಪಂಡಿತ ಜವರಪ್ಪ ಬಂದು ಕಾಲು ಒತ್ತಿ ನೋಡಿದ.

“ನೇಗಿಲು ಹುಟ್ಟೋಕೆ ಮುಂಚೆ ಜನ ಏನು ತಿಂದ್ಕೊಂಡು ಗಟ್ಟಿಮುಟ್ಟಾಗಿದ್ರೋ ಅದನ್ನೇ ತಿನ್ನು ದುಂಡವ್ವ. ಸೊಪ್ಪು, ಗೆಡ್ಡೆ, ಕಾಯಿ, ಹಣ್ಣು. ಆಸೆ ಆದರೆ ಎಂದೋ ಒಂದಿನ ಒಂದು ತುಂಡು ಮೀನು. ಮುದ್ದೆ, ಅನ್ನ, ಬೇಳೆ, ಹಾಲು, ಬೆಲ್ಲ ಮುಟ್ಟಬೇಡ. ಸುಗ್ಗಿವರೆಗೂ ಹಿಂಗಿದ್ರೆ ಓಡಾಡ್ತೀಯ. ಇಲ್ಲಾಂದ್ರೆ ಮಂಚ ಹಿಡೀತೀಯ.”

ದುಂಡವ್ವ ಮಗನ ಕಡೆ ನೋಡಿದಳು. ಸಾಯೋಕೆ ಅವಳಿಗೆ ಭಯ ಇರಲಿಲ್ಲ. ತಾನು ಮಂಚ ಹಿಡಿದರೆ ಈ ಪೆದ್ದನ್ನ ನೋಡ್ಕೊಳ್ಳೋರು ಯಾರು ಅನ್ನೋದೇ ಭಯ.

ಹೊರಡುವಾಗ ಪಂಡಿತ ಕೆಂಪೀರನ ಬೆನ್ನು ತಟ್ಟಿ, “ನಿಮ್ಮವ್ವಂಗೆ ಮುದ್ದೆ ಅಂದ್ರೆ ಪ್ರಾಣ. ನೀನೇ ಅವಳ ಬಾಯಿ ಕಟ್ಟಬೇಕಪ್ಪ,” ಅಂದ.

ಕಟ್ಟಿದ. ಮಧ್ಯಾಹ್ನ ಅವಳು ಜಗಲಿ ಮೇಲೆ ಅಡ್ಡಾಗಿದ್ದಾಗ ಟವಲ್ಲು ತಂದು ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿದ. ಎತ್ತಿಗೆ ಹಾಕೋ ಗಂಟು. ಬಿಚ್ಚೋಕೆ ಪಕ್ಕದ್ಮನೆ ಚೌಡಿ ಬರಬೇಕಾಯ್ತು.

“ಬಾಯಿ ಕಟ್ಟೋದು ಅಂದ್ರೆ ಕಂಡಿದ್ದೆಲ್ಲಾ ತಿನ್ನದೆ ಇರೋದು ಕಣ್ಲಾ, ಬಟ್ಟೆ ಕಟ್ಟೋದಲ್ಲ,” ಅಂತ ಬೈದಳು ದುಂಡವ್ವ. “ಗುದ್ದಲಿ ತಗೊಂಡು ಹೋಗು. ನೆಲದೊಳಗೆ ಇರೋದನ್ನ ಅಗೆದು ತಾ, ಬೇಯಿಸ್ಕೊಂಡು ತಿಂತೀನಿ.”

“ಆಯ್ತವ್ವ,” ಅಂದ. ಹೋದ. ಅಗೆದ. ಸಂಜೆಗೆ ಮೂಟೆ ಹೊತ್ಕೊಂಡು ಬಂದ. ಗೆಣಸು ಬಂತು ಅಂತ ಬಿಚ್ಚಿದರೆ ರಾಗಿ. ಗೌಡರ ಹಗೇವು ಅಗೆದಿದ್ದ. ವರ್ಷದ ರಾಗಿನ ಗುಂಡಿಗೆ ತುಂಬಿ ಮೇಲೆ ಮಣ್ಣು ಮುಚ್ಚಿರ್ತಾರಲ್ಲ, ಅದು.

“ನೆಲದೊಳಗೇ ಇತ್ತವ್ವ. ಭಾರಿ ಆಳ.”

ದುಂಡವ್ವ ಒಂದು ಬೊಗಸೆ ಎತ್ತಿ ಮೂಸಿದಳು. ಬಾಯಲ್ಲಿ ನೀರೂರಿತು. ಹಲ್ಲು ಕಚ್ಚಿ ಮೂಟೆ ವಾಪಸ್ಸು ಕಳಿಸಿದಳು. ಗೌಡರು ಬಾಯಿಗೆ ಬಂದಂಗೆ ಬೈದರು. ಊರಿನ ಹೆಂಗಸರು ಬಂದು, “ಸೊಪ್ಪು ತಿನ್ನೋಕೆ ನೀನೇನು ಮೇಕೆನಾ? ಒಂದು ಮುದ್ದೆ ಉಣ್ಣು ಸುಮ್ನೆ,” ಅಂದು ಹೋದರು.

“ನೋಡ್ಲಾ ಮಗ,” ಅಂದಳು ದುಂಡವ್ವ. “ಗೆಡ್ಡೆ ಕಂಡ್ರೆ ಗೆಡ್ಡೆ ಅಗಿ, ಸೊಪ್ಪು ಕಂಡ್ರೆ ಸೊಪ್ಪು ಕುಯ್ಯಿ. ಬೇರೇನೂ ಬೇಡ. ಇನ್ನು ಈ ಜನ, ಅವರು ಹೇಳ್ತಾನೇ ಇರ್ತಾರೆ. ಯಾರು ಏನು ಹೇಳಿದ್ರೂ ಸೊಪ್ಪು ಹಾಕಬೇಡ.”

ಮಾರನೇ ದಿನ ಮಂಕರಿ ತುಂಬ ಸೊಪ್ಪು ತಂದ. ಅಣ್ಣೆಸೊಪ್ಪು, ಹೊನಗೊನೆ, ಎಳೇ ನುಗ್ಗೆಸೊಪ್ಪು. ದುಂಡವ್ವನ ಮುಖ ಅರಳಿತು. ಒಲೆ ಮೇಲೆ ನೀರಿಟ್ಟು, ಕಾಲು ಚಾಚಿ ಕೂತಳು.

“ನೀರು ಕುದೀತು. ಸೊಪ್ಪು ಹಾಕು ಮಗ.”

“ಹಾಕಲ್ಲ.”

“ಹಾಕ್ಲಾ.”

“ಯಾರು ಏನು ಹೇಳಿದ್ರೂ ಸೊಪ್ಪು ಹಾಕಬೇಡ ಅಂದಿದ್ದೀಯ.”

“ಈಗ ಹೇಳ್ತಿರೋಳು ನಾನು ಕಣ್ಲಾ.”

“ಯಾರು ಅಂದ್ರೆ ಅದ್ರಲ್ಲಿ ನೀನೂ ಬಂದ್ಯಲ್ಲವ್ವ,” ಅಂದು ಮಂಕರಿ ತಬ್ಬಿಕೊಂಡು ಅಟ್ಟ ಹತ್ತಿದ.

“ಸೊಪ್ಪು ಹಾಕಬೇಡ ಅಂದ್ರೆ ಕಿವಿಗೆ ಹಾಕ್ಕೋಬೇಡ ಅಂತ ಕಣೋ!” ಅಂತ ಕೆಳಗಿಂದ ಕೂಗಿದಳು. ನೀರು ಬತ್ತಿತು, ಮಡಕೆ ತಳ ಹತ್ತಿತು, ಅವನು ಇಳಿಯಲಿಲ್ಲ. ಹೊಟ್ಟೆ ಚುರುಗುಟ್ಟಿ ದುಂಡವ್ವ ಗೋಡೆ ಹಿಡ್ಕೊಂಡು ಚೌಡಿ ಮನೆಗೆ ಹೋದಳು, ಬಿಸಿ ಮುದ್ದೆ ಉಂಡಳು. ಮಾರನೇ ದಿನ ಯಾರೂ ಕರೀದಿದ್ರೂ ಹೋದಳು. ಆಮೇಲೆ ಅದೇ ರೂಢಿಯಾಯ್ತು.

ಪಂಡಿತ ಮತ್ತೆ ಬಂದು ಕಾಲು ಒತ್ತಿದ. ಬೆರಳು ಒತ್ತಿದ ಗುಳಿ ಹಂಗೇ ನಿಂತಿತು.

“ಮುದ್ದೆ ತಿಂದಿದ್ದೀಯ.”

ದುಂಡವ್ವ ಸೆರಗು ಎಳೆದು ಕಾಲು ಮುಚ್ಚಿಕೊಂಡಳು. ಪಂಡಿತ ಕೆಂಪೀರನ ಕಡೆ ತಿರುಗಿ, “ಇವಳನ್ನ ನಂಬಿದರೆ ಕೆಟ್ಟೆವು. ಅವ್ವನ ಮೇಲೆ ಒಂದು ಕಣ್ಣಿಟ್ಟಿರಪ್ಪ,” ಅಂದ.

ಒಂದು ಅಂದಮೇಲೆ ಒಂದೇ. ಕೆಂಪೀರ ಎಡಗಣ್ಣಿಗೆ ಬಟ್ಟೆಪಟ್ಟಿ ಕಟ್ಟಿಕೊಂಡ, ಬಲಗಣ್ಣನ್ನ ಅವ್ವನ ಮೇಲಿಟ್ಟ. ಅವಳು ಹಿತ್ತಲಿಗೆ ಹೋದರೆ ಹಿತ್ತಲಿಗೆ, ಬಾವಿಗೆ ಹೋದರೆ ಬಾವಿಗೆ. ಚೌಡಿ ಮನೆಗೆ ಹೋದರೆ ತಟ್ಟೆ ಎದುರಿಗೇ ಕುಕ್ಕರುಗಾಲಲ್ಲಿ ಕೂತು, ಆ ಒಂದು ಕಣ್ಣು ಮಿಟುಕಿಸದೆ ನೋಡೋನು. ಹಂಗೆ ನೋಡ್ತಿದ್ರೆ ಯಾರ ಗಂಟಲಲ್ಲಿ ಮುದ್ದೆ ಇಳೀತದೆ, ನೀವೇ ಹೇಳಿ. ಬೈದಳು. ಅತ್ತಳು. ಪಟ್ಟಿ ಬಿಚ್ಚೋ ಅಂತ ಗೋಗರೆದಳು. “ಒಂದೇ ಅಂದವ್ರೆ ಪಂಡಿತ್ರು,” ಅಂದ. ಕೊನೆಗೆ ತಾನೇ ಸೊಪ್ಪು ಬೇಯಿಸಿದಳು, ಗೆಣಸು ಸುಟ್ಟಳು, ಸೀಬೆಹಣ್ಣು ಕಚ್ಚಿಕೊಂಡು ದಿನ ದೂಡಿದಳು. ಬರಬರುತ್ತ ಅದೇ ರುಚಿಸಿತು.

ಸುಗ್ಗಿ ಬಂತು. ಊತ ಇಳಿದಿತ್ತು. ದುಂಡವ್ವ ತನ್ನ ಕಾಲ ಮೇಲೇ ಪಕ್ಕದೂರಿಗೆ ನಡೆದು ಪಂಡಿತನ ಅಂಗಳದಲ್ಲಿ ನಿಂತಳು. ಹಿಂದೆ ಮಗ, ಕಣ್ಣಿಟ್ಟುಕೊಂಡೇ.

“ಭಲೇ. ನಿನ್ನ ಕಾಲು ಉಳಿಸಿದ್ದು ನಾನಲ್ಲ, ಇವನು,” ಅಂದ ಪಂಡಿತ. ಖುಷಿಗೆ ಕೆಂಪೀರನ ಹೆಗಲ ಮೇಲೆ ಕೈ ಹಾಕಿ, “ಸಾಕಪ್ಪ, ಇನ್ನು ಅವ್ವನ ಮೇಲಿಂದ ಕಣ್ಣು ತೆಗಿ,” ಅಂದ.

ತೆಗೆದ. ಎಡಗಣ್ಣಿಗೆ ಪಟ್ಟಿ ಇದ್ದಂಗೇ ಬಲಗಣ್ಣನ್ನೂ ಗಟ್ಟಿಯಾಗಿ ಮುಚ್ಚಿದ. ಮುಚ್ಚಿಕೊಂಡೇ ಮನೆಗೆ ಹೊರಟ. ನೆಟ್ಟಗೆ ಹೋಗಿ ಪಂಡಿತನ ಸೋರೆಕಾಯಿ ಚಪ್ಪರಕ್ಕೆ ಗುದ್ದಿದ. ಚಪ್ಪರ, ಬಳ್ಳಿ, ಕಾಯಿ ಸಮೇತ ತಲೆ ಮೇಲೆ ಬಂತು.

ಪಂಡಿತ ಏನೋ ಹೇಳೋಕೆ ಬಾಯಿ ತೆರೆದ.

“ನಿಮ್ಮ ದಮ್ಮಯ್ಯ, ಇನ್ನೇನೂ ಹೇಳಬೇಡಿ,” ಅಂದಳು ದುಂಡವ್ವ. ಬಳ್ಳಿಯೊಳಗಿಂದ ಮಗನನ್ನ ಎಳೆದು, ಮೈ ಕೊಡವಿ, ಕೈ ಹಿಡ್ಕೊಂಡಳು. ಕಣ್ಣು ಮುಚ್ಚಿದ ಮಗನನ್ನ ಊರತನಕ ನಡೆಸ್ಕೊಂಡೇ ಬಂದಳು. ನಡೆಯೋಕೆ ಅವಳಿಗೆ ಕಾಲಿದ್ದವು.