ಬಿರುದಿನ ಎರಡು ಮಡಕೆ

ಹರಿಗೆಪುರದ ದೊರೆ ವೀರಮಲ್ಲನಿಗೆ ಊಟ ತಪ್ಪಿದರೂ ನಡೆದೀತು, ಹೊಗಳಿಕೆ ತಪ್ಪುವಂತಿಲ್ಲ. ಅದನ್ನು ಬಲ್ಲ ರಾಜಗುರು ತರ್ಕಶೇಖರರು ಒಂದು ದಿನ ತುಂಬಿದ ಸಭೆಯಲ್ಲಿ ಜಂಬ ಕೊಚ್ಚಿದರು.

"ಪ್ರಭು, ಬಿರುದು ಕೂಗಲು ಮಾರಪ್ಪನಿಗೆ ಸಂಬಳ ದಂಡ. ಪ್ರತಿ ಬಿರುದನ್ನೂ ಓಲೆಯಲ್ಲಿ ಬರೆದು ನಡುವೆ ಮುರಿದು, ಮೊದಲ ತುಂಡು ಈ ಮಡಕೆಗೆ, ಕೊನೆಯದು ಆ ಮಡಕೆಗೆ ಹಾಕೋಣ. ಇದರಿಂದೊಂದು ಓಲೆ, ಅದರಿಂದೊಂದು ಓಲೆ ತೆಗೆದು ಯಾರು ಕೂಗಿದರೂ ಆಯಿತು. ಮೂರು ಬಿರುದು ಒಂಬತ್ತಾಗುತ್ತವೆ."

ಒಂಬತ್ತು ಎಂದದ್ದೇ ದೊರೆ ಉಬ್ಬಿಹೋದ. "ಇನ್ನು ನಮ್ಮ ಬಿರುದುಗಳು ಎರಡು ಮಡಕೆಯಲ್ಲೇ ಇರತಕ್ಕದ್ದು" ಎಂದು ಅಪ್ಪಣೆಯೂ ಆಯಿತು.

ಅದನ್ನು ಕೇಳಿ ವಿದೂಷಕ ಸಿಂಗರಸ ಎದ್ದು ನಿಂತ. ಮಾರಪ್ಪ ಅವನಿಗೆ ಹೆಣ್ಣು ಕೊಟ್ಟ ಮಾವ. ಕೆಲಸ ಹೋದರೆ ಗಂಟುಮೂಟೆ ಸಮೇತ ಅಳಿಯನ ಜಗಲಿಗೇ ಬಂದು ಕೂರುತ್ತಾನೆ. ಆಮೇಲೆ ಸಾರಿಗೆ ಉಪ್ಪು ಸಾಲದು ಎಂಬುದನ್ನೂ ಅದೇ ಗಂಟಲಿನಲ್ಲಿ ಕೂಗುತ್ತಾನೆ.

"ಶುಭಸ್ಯ ಶೀಘ್ರಂ. ಈಗಲೇ ಕೂಗಿ ನೋಡೋಣ, ಪ್ರಭು" ಎಂದ ಸಿಂಗರಸ.

ಬಿರುದುಗಳನ್ನು ಮುರಿದು ಮಡಕೆಗೆ ಹಾಕಿದರು: ಶತ್ರುಗಳ ತಲೆ ತೆಗೆವ ದೊರೆ, ಬಡವರ ಹೊಟ್ಟೆ ತುಂಬುವ ದೊರೆ, ಗುರುಗಳ ಕಾಲಿಗೆ ಬೀಳುವ ದೊರೆ. ಸಿಂಗರಸ ಎರಡೂ ಮಡಕೆಗೆ ಕೈ ಹಾಕಿ ಕೂಗಿದ.

"ಶತ್ರುಗಳ ಕಾಲಿಗೆ ಬೀಳುವ ದೊರೆ, ಬಹುಪರಾಕ್!"

ಸೇನಾಪತಿ ಮೀಸೆ ತಿರುವುವ ನೆಪದಲ್ಲಿ ಬಾಯಿ ಮುಚ್ಚಿಕೊಂಡ. ದೊರೆ ಕೆಂಪಾದ.

"ಗುರುಗಳ ತಲೆ ತೆಗೆವ ದೊರೆ, ಬಹುಪರಾಕ್!"

ತರ್ಕಶೇಖರರ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು.

"ಸಾಕು ನಿಲ್ಲಿಸು" ಎಂದು ದೊರೆ ಗುಡುಗಿದ. "ಆದರೆ ಸಭೆಯಲ್ಲಿ ಕೊಟ್ಟ ಅಪ್ಪಣೆ ಹಿಂದಕ್ಕೆ ತೆಗೆಯುವಂತಿಲ್ಲ. ಎರಡು ಮಡಕೆ ಇರಲೇಬೇಕು, ಯಾವುದಕ್ಕೆ ಯಾವುದು ಸೇರಿದರೂ ನನ್ನ ಬಿರುದು ಕೆಡಬಾರದು. ಮಾಡಿ ತೋರಿಸು. ಇಲ್ಲವಾದರೆ ಮಾವನ ಜೊತೆ ನೀನೂ ಮನೆಗೆ ನಡೆ."

ಸಿಂಗರಸ ಮುರಿದ ಬಿರುದುಗಳನ್ನೆಲ್ಲ ಮೊದಲಿನಂತೆ ಜೋಡಿಸಿ ಒಂದೇ ಮಡಕೆಗೆ ಹಾಕಿದ. ಇನ್ನೊಂದಕ್ಕೆ ಏನೂ ಬರೆಯದ ಒಂದು ಓಲೆ ಹಾಕಿದ.

"ಇದೇನೋ ಇದು?" ಎಂದ ದೊರೆ.

"ಎರಡು ಮಡಕೆ, ಪ್ರಭು. ಇದರಲ್ಲಿ ಪೂರ್ತಿ ಬಿರುದು, ಮಾರಪ್ಪ ಕೂಗುತ್ತಾನೆ. ಅದರಲ್ಲಿ ಬರೀ ಮೌನ. ಯಾವ ಬಿರುದಿನ ಹಿಂದೆ ಸೇರಿಸಿದರೂ ಒಂದಕ್ಷರ ಕೆಡುವುದಿಲ್ಲ."

ದೊರೆಯ ತುಟಿ ಅರಳತೊಡಗಿತು. "ಸರಿ, ಆ ಎರಡನೇ ಮಡಕೆಗೆ ಯಾರನ್ನು ನಿಲ್ಲಿಸೋಣ?"

ಸಿಂಗರಸ ರಾಜಗುರುಗಳಿಗೆ ಭಕ್ತಿಯಿಂದ ಕೈಮುಗಿದ. "ಮಡಕೆಯ ಉಪಾಯ ಗುರುಗಳದ್ದೇ ಅಲ್ಲವೇ, ಪ್ರಭು? ಅದರ ಪಕ್ಕ ಅವರೇ ನಿಲ್ಲಲಿ. ಬಾಯಿ ಮಾತ್ರ ತೆರೆಯುವಂತಿಲ್ಲ."